ಮೂಲಸಂಕೇತ ಕೈಯಲ್ಲೇ ಇರುವಾಗ ಹೊಸ ಪ್ರೊಸೆಸರ್‌ಗೆ ಲಿನಕ್ಸ್ ತರಲು ವರ್ಷಗಳೇಕೆ ಬೇಕು?

ಓದುಗರ ಪ್ರಶ್ನೆ: ಲಿನಕ್ಸ್‌ನ ಮೂಲಸಂಕೇತ ಎಲ್ಲರಿಗೂ ಮುಕ್ತ. ಬಹುಪಾಲು ಸಿ ಭಾಷೆಯಲ್ಲೇ ಇದೆ. ಹಾಗಿದ್ದ ಮೇಲೆ ಹೊಸ ಬಗೆಯ ಪ್ರೊಸೆಸರ್ ಬಂದಾಗ ಇನ್ನೊಮ್ಮೆ ಕಂಪೈಲ್ ಮಾಡಿದರೆ ಸಾಲದೇ?

ಉತ್ತರ: ಸಾಲದು. ಏಕೆಂದು ತಿಳಿಯಲು ರಿಸ್ಕ್-ಫೈವ್‌ನ ಕಥೆಯನ್ನು ನೋಡಿ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಪ್ರೊಸೆಸರ್ ಪಾಲಿಸುವ ಆದೇಶಗಳ ಮುಕ್ತ ವಿನ್ಯಾಸವಿದು. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್‌ಗಳೂ ಇದನ್ನೇ ಅನುಸರಿಸುತ್ತವೆ. ಮೂಲಸಂಕೇತವನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್ ಇದರ ಆದೇಶಗಳನ್ನು ಕಲಿತದ್ದು 2017ರಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್ 2018ರ ಜನವರಿಯಲ್ಲಿ 4.15ನೇ ಆವೃತ್ತಿಯೊಂದಿಗೆ ಇದಕ್ಕೆ ಜಾಗ ಕೊಟ್ಟಿತು. ಆದರೆ ಕರ್ನಲ್ ಜೊತೆಗೆ ಸಾವಿರಾರು ತಂತ್ರಾಂಶಗಳನ್ನು ಸೇರಿಸಿ ಹಂಚುವ ಡೆಬಿಯನ್ ತನ್ನ ಸ್ಥಿರ ಬಿಡುಗಡೆಯಲ್ಲಿ ರಿಸ್ಕ್-ಫೈವ್ ಅನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಏಳು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಕರ್ನಲ್‌ನ ಕೆಲಸ ಕಠಿಣ, ಆದರೆ ಅದಕ್ಕೊಂದು ಎಲ್ಲೆಯಿದೆ. ಕಡತ ವ್ಯವಸ್ಥೆ, ನೆಟ್‌ವರ್ಕ್ ಮುಂತಾದ ಭಾಗಗಳು ಎಲ್ಲ ಪ್ರೊಸೆಸರ್‌ಗಳಿಗೂ ಬಹುತೇಕ ಒಂದೇ. ಹೊಸದಾಗಿ ಬರೆಯಬೇಕಾದದ್ದು ಯಂತ್ರ ಎಚ್ಚರಗೊಳ್ಳುವ ಬಗೆ, ಮೆಮೊರಿಯ ಪುಟಗಳ ನಕ್ಷೆ, ಒಂದು ಕೆಲಸವನ್ನು ನಿಲ್ಲಿಸಿ ಇನ್ನೊಂದಕ್ಕೆ ಹೊರಳುವ ಸಂಕೇತ, ಅಡಚಣೆಗಳ (ಸಾಧನಗಳು ನಡುವೆ ಪ್ರೊಸೆಸರ್‌ನ ಗಮನ ಸೆಳೆಯುವ ಕರೆಗಳ) ನಿರ್ವಹಣೆ. 1991ರಲ್ಲಿ ಲಿನಕ್ಸ್ ಅನ್ನು ಪ್ರಕಟಿಸಿದಾಗ ಲಿನಸ್ ಟೊರ್ವಾಲ್ಡ್ಸ್, ಇದು ಇಂಟೆಲ್‌ನ 386 ಪ್ರೊಸೆಸರ್‌ಗೆ ಅಂಟಿಕೊಂಡಿದೆ, ಬೇರೆ ಯಂತ್ರಕ್ಕೆ ಒಯ್ಯಲಾಗದು ಎಂದೇ ಹೇಳಿದ್ದರು. ಮುಂದೆ ಆಲ್ಫಾ ಪ್ರೊಸೆಸರ್‌ಗೆ ಅದನ್ನು ಒಯ್ದಾಗ ಯಂತ್ರಕ್ಕೆ ಸೇರಿದ್ದನ್ನೂ ಎಲ್ಲರಿಗೂ ಸೇರಿದ್ದನ್ನೂ ಬೇರ್ಪಡಿಸುವ ಶಿಸ್ತು ಗಟ್ಟಿಯಾಯಿತು. ಇಂದಿಗೂ ಪ್ರತಿ ಹೊಸ ಪ್ರೊಸೆಸರ್ ಅದರ ಲಾಭ ಪಡೆಯುತ್ತಿದೆ.

ವರ್ಷಗಳು ಹಿಡಿಯುವುದು ಕರ್ನಲ್‌ನ ಹೊರಗೆ. ಡೆಬಿಯನ್‌ನ ಆ ಬಿಡುಗಡೆಯಲ್ಲಿ ಸುಮಾರು 70 ಸಾವಿರ ಪ್ಯಾಕೇಜುಗಳಿವೆ. ಇವನ್ನು ಕಟ್ಟುವಾಗ, ಅಂದರೆ ಮೂಲಸಂಕೇತದಿಂದ ತಯಾರಿಸುವಾಗ, ಮೊದಲು ಎದುರಾಗುವುದು ಸುತ್ತು: ಸಿ ಗ್ರಂಥಾಲಯವನ್ನು (ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಸಂಕೇತಗಳ ಸಂಗ್ರಹವನ್ನು) ಕಟ್ಟಲು ಕಂಪೈಲರ್ ಬೇಕು, ಕಂಪೈಲರ್ ಪೂರ್ಣಗೊಳ್ಳಲು ಸಿ ಗ್ರಂಥಾಲಯ ಬೇಕು. ಹಾಗಾಗಿ ಬೇರೆ ಯಂತ್ರದಲ್ಲಿ ಕುಳಿತು ಅರೆಬರೆ ಕಂಪೈಲರ್ ಒಂದನ್ನು ತಯಾರಿಸಿ, ಅದರಿಂದ ಗ್ರಂಥಾಲಯ ಕಟ್ಟಿ, ಆ ಗ್ರಂಥಾಲಯದ ಬಲದಿಂದ ಪೂರ್ಣ ಕಂಪೈಲರ್ ಪಡೆಯುತ್ತಾರೆ. ಇಂಥ ಸುತ್ತುಗಳು ಮೇಲಿನ ಹಂತಗಳಲ್ಲೂ ಹಲವು ಇವೆ.

ಅನಂತರ ಬೆಳಕಿಗೆ ಬರುವುದು, ಪ್ರೋಗ್ರಾಮ್ ಬರೆದವರು ತಮಗೇ ತಿಳಿಯದಂತೆ ನಂಬಿಕೊಂಡ ಸಂಗತಿಗಳು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರ ಎನಿಸುವುದು ಇದೇ. ಸಿ ಭಾಷೆಯಲ್ಲಿ ಒಂದು ಅಕ್ಷರವನ್ನು ಇಡುವ ‘ಚಾರ್’ ಎಂಬ ಪುಟ್ಟ ಜಾಗ ನಮ್ಮ ಸಾಮಾನ್ಯ ಇಂಟೆಲ್ ಯಂತ್ರಗಳಲ್ಲಿ -128ರಿಂದ 127ರವರೆಗಿನ ಬೆಲೆ ಹಿಡಿಯುತ್ತದೆ. ಲಿನಕ್ಸ್ ಓಡುವ ರಿಸ್ಕ್-ಫೈವ್‌ನಲ್ಲಿ 0ಯಿಂದ 255. ಕಡತ ಮುಗಿದಾಗ ಬರುವ -1 ಎಂಬ ಸೂಚನೆಯನ್ನು ಯಾರೋ ಅವಸರದಲ್ಲಿ ‘ಚಾರ್’ನಲ್ಲಿ ಇಟ್ಟಿದ್ದರೆ, ಹೊಸ ಯಂತ್ರದಲ್ಲಿ ಅದು 255 ಆಗಿಬಿಡುತ್ತದೆ. -1 ಬರಲೆಂದು ಕಾಯುವ ಲೂಪ್ (ಮತ್ತೆ ಮತ್ತೆ ನಡೆಯುವ ಸಂಕೇತ) ಮುಗಿಯುವುದೇ ಇಲ್ಲ. ಸಂಕೇತದ ಒಂದಕ್ಷರವೂ ಬದಲಾಗಿಲ್ಲ, ಕಂಪೈಲರ್ ದೂರಿಲ್ಲದೆ ಒಪ್ಪಿರಬಹುದು, ಆದರೂ ಪ್ರೋಗ್ರಾಮ್ ಕೆಟ್ಟಿದೆ. ಪುಣ್ಯಕ್ಕೆ, ಆರ್ಮ್ ಮತ್ತು ಪವರ್‌ಪಿಸಿ ಪ್ರೊಸೆಸರ್‌ಗಳ ಲಿನಕ್ಸ್‌ನಲ್ಲಿಯೂ ‘ಚಾರ್’ ಹೀಗೇ ಇರುವುದರಿಂದ ಇಂಥ ಎಷ್ಟೋ ತಪ್ಪುಗಳನ್ನು ಹಿಂದಿನವರು ಸರಿಪಡಿಸಿಟ್ಟಿದ್ದರು. ವಿರಳ ಪ್ರೊಸೆಸರ್‌ಗಳಿಗಾಗಿ ದುಡಿಯುವವರ ಶ್ರಮ ವ್ಯರ್ಥ ಎನ್ನುವವರಿಗೆ ನಾನು ಕೊಡುವ ಉತ್ತರ ಇದು: ಅವರು ತಿದ್ದಿದ ತಪ್ಪುಗಳ ಫಲ ಎಲ್ಲರಿಗೂ ಸಿಗುತ್ತದೆ.

ಇನ್ನು ಕೆಲವು ತೊಡಕುಗಳು ಬರೀ ಬೇಸರದವು. ಹಳೆಯ ಪ್ಯಾಕೇಜುಗಳ ಜೊತೆಗೆ ಬರುವ, ಯಂತ್ರ ಯಾವುದೆಂದು ಗುರುತಿಸುವ ಚಿಕ್ಕ ಸ್ಕ್ರಿಪ್ಟ್‌ಗೆ ರಿಸ್ಕ್-ಫೈವ್ ಹೆಸರೇ ಗೊತ್ತಿಲ್ಲ. ಅದನ್ನು ಹೊಸದಾಗಿಸದೆ ಕಟ್ಟುವಿಕೆ ಆರಂಭವೇ ಆಗದು.

ಓಡುತ್ತಿರುವಾಗಲೇ ಯಂತ್ರಭಾಷೆಯನ್ನು ತಯಾರಿಸುವ ತಂತ್ರಾಂಶಗಳದು ಬೇರೆಯೇ ಪಾಡು. ಜಾವಾ, ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಇಂಥವು. ಅವುಗಳ ಒಳಗೇ ಒಂದು ಪುಟ್ಟ ಕಂಪೈಲರ್ ಇರುತ್ತದೆ. ಹೊಸ ಪ್ರೊಸೆಸರ್‌ಗಾಗಿ ಅದನ್ನು ಪರಿಣತರೇ ಕೂತು ಬರೆಯಬೇಕು. ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆ ರಿಸ್ಕ್-ಫೈವ್‌ನ ಸಂಕೇತವನ್ನು ಸೇರಿಸಿಕೊಂಡದ್ದು 2022ರ 19ನೇ ಆವೃತ್ತಿಯಲ್ಲಿ. ರಸ್ಟ್ ಭಾಷೆಯ ತಂತ್ರಾಂಶಗಳಿಗೂ ಇಂಥದೇ ತೊಡಕು ಇದೆ: ರಸ್ಟ್ ಕಂಪೈಲರ್ ಮುಖ್ಯವಾಗಿ ಯಂತ್ರಭಾಷೆಯನ್ನು ತಯಾರಿಸಲು ಎಲ್‌ಎಲ್‌ವಿಎಂ ಎಂಬ ತಂತ್ರಾಂಶವನ್ನು ನೆಚ್ಚಿದೆ, ಅದರ ಬೆಂಬಲವಿಲ್ಲದ ಹಳೆಯ ಪ್ರೊಸೆಸರ್‌ಗಳು ಈಗ ಒಂದೊಂದೇ ತಂತ್ರಾಂಶವನ್ನು ಕಳೆದುಕೊಳ್ಳುತ್ತಿವೆ.

ನಿಮ್ಮ ಊಹೆ ನಿಜವಾಗುವ ಜಾಗವೂ ಇದೆ. ಯಂತ್ರಭಾಷೆಯ ಸೋಂಕಿಲ್ಲದ ಪ್ಯಾಕೇಜುಗಳು ಎಲ್ಲ ಪ್ರೊಸೆಸರ್‌ಗಳಿಗೂ ಒಂದೇ. ಡೆಬಿಯನ್‌ನಲ್ಲಿರುವ ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳು ಇಂಥವು. ಅವನ್ನು ಮತ್ತೆ ಕಂಪೈಲ್ ಕೂಡ ಮಾಡಬೇಕಿಲ್ಲ.

ಒಮ್ಮೆ ಒಯ್ದ ಮೇಲೆ ಕೆಲಸ ಮುಗಿಯುವುದೂ ಇಲ್ಲ. ಕರ್ನಲ್ ಬದಲಾದಂತೆಲ್ಲ ಆ ಯಂತ್ರದ ಸಂಕೇತವನ್ನೂ ತಿದ್ದಿ ಪರೀಕ್ಷಿಸುವವರು ಬೇಕು. ಇಂಟೆಲ್‌ನ ಇಟಾನಿಯಂ ಪ್ರೊಸೆಸರ್‌ಗೆ ಅಂಥವರು ಉಳಿಯಲಿಲ್ಲ, 6.7ನೇ ಆವೃತ್ತಿಯಲ್ಲಿ ಅದರ ಸಂಕೇತವನ್ನು ಕರ್ನಲ್‌ನಿಂದ ತೆಗೆದುಹಾಕಲಾಯಿತು. ಇದರಲ್ಲಿ ಕೈಜೋಡಿಸುವ ಆಸೆ ನಿಮಗಿದ್ದರೆ ಹೊಸ ಬೋರ್ಡ್ ಕೊಳ್ಳುವವರೆಗೆ ಕಾಯಬೇಡಿ. ಕ್ಯೂಎಂಯು ಎಂಬ ಮುಕ್ತ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪಿನಲ್ಲೇ ರಿಸ್ಕ್-ಫೈವ್ ಯಂತ್ರವನ್ನು ಅನುಕರಿಸುತ್ತದೆ. ವೇಗ ಕಡಿಮೆ, ಆದರೆ ಕಟ್ಟಲಾಗದೆ ನಿಂತ ಒಂದು ಪ್ಯಾಕೇಜನ್ನು ಹಿಡಿದು, ದೋಷ ಹುಡುಕಲು ಅಷ್ಟು ಸಾಕು.