ಬೂದಿ ಬಿದ್ದಿದ್ದು ಒಂದೇ ದಿನ, ತಪಾಸಣೆ ಯಾಕೆ ಜೀವಮಾನವಿಡೀ?

ಪ್ರಶ್ನೆ: ಮಾರ್ಷಲ್ ದ್ವೀಪಗಳ ಜನರ ಮೇಲೆ ಅಣು ಬೂದಿ ಬಿದ್ದಿದ್ದು ಒಂದು ಸಲ. ನಾಲ್ಕೈದು ವರ್ಷ ನೋಡಿ, ಏನೂ ಆಗದಿದ್ದರೆ ತಪಾಸಣೆ ನಿಲ್ಲಿಸಬಹುದಲ್ವಾ?

ಉತ್ತರ: ನಿಲ್ಲಿಸಬಾರದು. ಇಷ್ಟು ಹೇಳಿ ಮುಗಿಸೋಣ ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಆದರೆ ತಿಂಗಳು ಬಿಟ್ಟು ಅದೇ ಪ್ರಶ್ನೆ ಇನ್ನೊಬ್ಬರ ಹೆಸರಿನಲ್ಲಿ ಬರುತ್ತದೆ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಈ ಮಾರ್ಷಲ್ ದ್ವೀಪಗಳಲ್ಲೊಂದಾದ ಬಿಕಿನಿಯಲ್ಲಿ, ಪರೀಕ್ಷೆಗೆ ಅಂತ, 'ಕ್ಯಾಸಲ್ ಬ್ರಾವೋ' ಅಣುಬಾಂಬ್ ಸಿಡಿಸಿತು. ಸುಮಾರು 6 ಮೆಗಾಟನ್ (ಒಂದು ಮೆಗಾಟನ್ ಅಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸ್ಫೋಟಕದಷ್ಟು ಬಲ) ಅಂತ ಎಣಿಸಿದ್ದರು, ಆಗಿದ್ದು 15. ಅಲ್ಲಿಂದ ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿಗೂ ಆಚೆ ರೊಂಗೆಲಾಪ್ ಇದೆ. ಕೆಲವು ಗಂಟೆಗಳಲ್ಲಿ ಅಲ್ಲಿ ಬಿಳಿ ಪುಡಿ ಉದುರತೊಡಗಿತು. ಮಕ್ಕಳು ಅದರಲ್ಲಿ ಆಡಿದರು. ಆ ದ್ವೀಪದಲ್ಲಿ 64 ಜನ, ಪಕ್ಕದ ಐಲಿಂಗಿನೇಯಲ್ಲಿ 18, ಇನ್ನೂ ದೂರದ ಉಟಿರಿಕ್‌ನಲ್ಲಿ 157 ಜನ ಇದ್ದರು. ರೊಂಗೆಲಾಪ್‌ನವರನ್ನು ಅಲ್ಲಿಂದ ಕರೆದೊಯ್ಯಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ವಾಂತಿ, ಮೈ ಉರಿ ಶುರುವಾಗಿತ್ತು. ಆಮೇಲೆ ಚರ್ಮ ಸುಟ್ಟು ಹುಣ್ಣಾಯಿತು, ಕೂದಲು ಉದುರಿತು.

ಮುಂದಿನದ್ದು ಗಮನವಿಟ್ಟು ಓದಿ, ನಿಮ್ಮ ಪ್ರಶ್ನೆಯ ಬೇರು ಇಲ್ಲೇ ಇದೆ. ಹುಣ್ಣು ಮಾಯಿತು. ಕೂದಲು ಮತ್ತೆ ಬಂತು. ಕುಸಿದಿದ್ದ ರಕ್ತಕಣಗಳ ಲೆಕ್ಕವೂ ನಿಧಾನವಾಗಿ ಏರಿತು. 1957ರಲ್ಲಿ ಜನರನ್ನು ವಾಪಸ್ ಊರಿಗೆ ಬಿಟ್ಟರು. ನೀವು ಹೇಳುವ 'ನಾಲ್ಕೈದು ವರ್ಷ' ಲೆಕ್ಕ ಹಿಡಿದಿದ್ದರೆ 1959ಕ್ಕೆ ಫೈಲು ಮುಚ್ಚಬೇಕಿತ್ತು.

1963ರಲ್ಲಿ, ಅಂದರೆ ಒಂಬತ್ತು ವರ್ಷದ ಮೇಲೆ, ಒಬ್ಬ ಹುಡುಗಿಯ ಕೊರಳಲ್ಲಿ ಥೈರಾಯ್ಡ್ ಗಂಟು ಕಂಡಿತು. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಬೂದಿ ಬಿದ್ದಾಗ 10 ವರ್ಷದೊಳಗಿದ್ದ ರೊಂಗೆಲಾಪ್ ಮಕ್ಕಳಲ್ಲಿ ಹೆಚ್ಚಿನವರಿಗೆ ಥೈರಾಯ್ಡ್ ತೊಂದರೆ ಬಂತು. ಕಡಿಮೆ ವಿಕಿರಣ ತಗುಲಿದ್ದ ಉಟಿರಿಕ್‌ನಲ್ಲಿ ಗಂಟು ಕಾಣಿಸಿದ್ದು ಇನ್ನೂ ತಡವಾಗಿ. ಬೂದಿ ಬಿದ್ದಾಗ ಒಂದು ವರ್ಷದ ಕೂಸಾಗಿದ್ದ ಒಬ್ಬ ಹುಡುಗ 1972ರಲ್ಲಿ, 19ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ಸತ್ತ.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಬೂದಿಯಲ್ಲಿದ್ದ ವಿಕಿರಣ ಸೂಸುವ ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯುವ ಕಾಲ, ಎಂಟೇ ದಿನ. ಮೂರು ತಿಂಗಳಲ್ಲಿ ಅದು ಇಲ್ಲವೇ ಇಲ್ಲ. ಇಲ್ಲದ್ದು ಹೇಗೆ ಕಾಯಿಲೆ ತರುತ್ತದೆ?' ಸ್ವಾಮಿ, ಒಲೆ ಆರಿದ ಮಾತ್ರಕ್ಕೆ ಸುಟ್ಟ ಸೆರಗು ಸರಿಹೋಗುತ್ತಾ? ಅಯೋಡಿನ್ ನೀರು, ಊಟದ ಜೊತೆ ಒಳಗೆ ಹೋಯಿತು, ನೇರ ಥೈರಾಯ್ಡ್ ಗ್ರಂಥಿಯಲ್ಲಿ ಕೂತಿತು, ಅಲ್ಲಿನ ಜೀವಕೋಶಗಳಿಗೆ ಪೆಟ್ಟು ಕೊಟ್ಟು ಹೋಯಿತು. ಆ ಜೀವಕೋಶಗಳು ಒಡೆದು ಹೆಚ್ಚಾಗುವುದು ನಿಧಾನ. ಪೆಟ್ಟು ಹೊರಗೆ ಕಾಣಲು ವರ್ಷಗಳೇ ಬೇಕು. ಮಕ್ಕಳ ಗ್ರಂಥಿ ಚಿಕ್ಕದು, ಅಷ್ಟೇ ಅಯೋಡಿನ್ನಿಗೆ ಅವರಿಗೆ ಬೀಳುವ ಪೆಟ್ಟು ಜಾಸ್ತಿ. ಹಿರೋಷಿಮಾ, ನಾಗಸಾಕಿಯ ಲೆಕ್ಕವೂ ಇದನ್ನೇ ಹೇಳುತ್ತದೆ: ರಕ್ತದ ಕ್ಯಾನ್ಸರ್ ಎರಡು ಮೂರು ವರ್ಷದಿಂದ ಏರತೊಡಗಿ ಆರೆಂಟು ವರ್ಷಕ್ಕೆ ತುದಿ ಮುಟ್ಟಿತು. ಹೊಟ್ಟೆ, ಶ್ವಾಸಕೋಶದಂಥ ಕ್ಯಾನ್ಸರ್‌ಗಳ ಏರಿಕೆ ಕಾಣಿಸಿದ್ದು ಸುಮಾರು ಹತ್ತು ವರ್ಷದ ಮೇಲೆ. ಅದು ಬದುಕಿರುವವರೆಗೂ ಬೆನ್ನು ಬಿಡುವುದಿಲ್ಲ.

ಹಾಗಾಗಿ ತಪಾಸಣೆಯ ಯೋಜನೆ ಮಾಡುವಾಗ ಕಾಲ ನೋಡಿ ಪರೀಕ್ಷೆ ಇಡಬೇಕು. ಮೊದಲ ವಾರಗಳಲ್ಲಿ ರಕ್ತ, ಚರ್ಮ. ಮಕ್ಕಳಾದರೆ ಪ್ರತಿ ವರ್ಷ ಎತ್ತರ, ತೂಕ. ಕೊರಳು ಮುಟ್ಟಿ ನೋಡುವುದನ್ನು ಯಾವತ್ತೂ ಬಿಡುವಂತಿಲ್ಲ. ಯಾರು ಎಲ್ಲಿದ್ದರು, ಏನು ತಿಂದರು, ಎಷ್ಟು ಹೊತ್ತು ಬಯಲಲ್ಲಿದ್ದರು ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು. ಮತ್ತೆ, ನೋಡುವುದು ಬೇರೆ, ಔಷಧಿ ಕೊಡುವುದು ಬೇರೆ ಅಂತ ಮಾಡಬಾರದು. ರೊಂಗೆಲಾಪ್‌ನವರಿಗೆ ತಮ್ಮನ್ನು ಪ್ರಯೋಗದ ಇಲಿ ಮಾಡಿದ್ದಾರೆ ಅನ್ನಿಸಿದ್ದು ಸುಮ್ನೆ ಅಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ತಂಡ ವರ್ಷಕ್ಕೊಂದು ಸಲ ಬರುತ್ತಿತ್ತು, ಪರೀಕ್ಷಿಸುತ್ತಿತ್ತು, ಹೋಗುತ್ತಿತ್ತು.

ಆ ತಂಡವೂ ಒಂದು ಕಡೆ ಎಡವಿತು. ನನಗೆ ಇದು ಪಾಠ ಮಾಡಲು ಬಲು ಇಷ್ಟದ ಪ್ರಸಂಗ. ಇಬ್ಬರು ಹುಡುಗರು ಬೆಳೆಯುತ್ತಲೇ ಇರಲಿಲ್ಲ. ಥೈರಾಯ್ಡ್ ಕೆಲಸ ಮಾಡುತ್ತಿಲ್ಲವೇನೋ ಅಂತ ನೋಡಿದರೆ ರಕ್ತ ಪರೀಕ್ಷೆ ಸರಿಯಾಗಿಯೇ ಬಂತು. ಆಗಿನ ಪರೀಕ್ಷೆ ಥೈರಾಯ್ಡ್ ಹಾರ್ಮೋನಿನ ಲೆಕ್ಕ ಅಂತ ಅಳೆಯುತ್ತಿದ್ದುದು ರಕ್ತದ ಪ್ರೋಟೀನಿಗೆ ಅಂಟಿದ ಅಯೋಡಿನನ್ನು. ಮಾರ್ಷಲ್ ಜನರ ರಕ್ತದಲ್ಲಿ ಹಾರ್ಮೋನ್ ಅಲ್ಲದ ಇನ್ನೊಂದು ಅಯೋಡಿನ್ ಪ್ರೋಟೀನ್ ಜಾಸ್ತಿ ಇತ್ತು. ಅದೂ ಲೆಕ್ಕಕ್ಕೆ ಸೇರಿ, ಕೊರತೆ ಮುಚ್ಚಿಹೋಗಿತ್ತು. ಆಮೇಲೆ 1965ರಿಂದ ಹಾರ್ಮೋನ್ ಮಾತ್ರೆ ಶುರು ಮಾಡಿದರು. ನಿಮ್ಮಲ್ಲಿ ಎಷ್ಟೋ ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತೀರಲ್ಲ, ಅದೇ ಜಾತಿಯ ಮಾತ್ರೆ. ಹುಡುಗರು ಬೆಳೆಯತೊಡಗಿದರು.

ಇದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಯಿಲೆ 'ಜಾಸ್ತಿ' ಅನ್ನಬೇಕಾದರೆ ಯಾರಿಗಿಂತ ಜಾಸ್ತಿ? ಅಮೆರಿಕದ ಊರೊಂದರ ಜನರಿಗೆ ಹೋಲಿಸಿದರೆ ಅಯೋಡಿನ್ ಪ್ರೋಟೀನಿನ ಕಥೆಯೇ ಮತ್ತೆ. ಅದೇ ನೆಲದ, ಅದೇ ಊಟದ, ಅದೇ ವಯಸ್ಸಿನ, ಬೂದಿ ಬೀಳದ ಜನ ಬೇಕು. ರೊಂಗೆಲಾಪ್‌ನಲ್ಲಿ ಅಂಥವರು ಸಿಕ್ಕಿದರು: ಅವರದೇ ನೆಂಟರು, ಬೂದಿ ಬಿದ್ದ ದಿನ ಬೇರೆ ದ್ವೀಪಗಳಲ್ಲಿದ್ದವರು. 1957ರಲ್ಲಿ ಎಲ್ಲರೂ ಒಟ್ಟಿಗೆ ಊರಿಗೆ ಮರಳಿದರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೆ ಆ ನೆಲದಲ್ಲಿ ಬೂದಿಯ ಇನ್ನೊಂದು ವಿಕಿರಣ ವಸ್ತು, ಸೀಸಿಯಂ-137, ಉಳಿದಿತ್ತು, ಅದರ ಅರ್ಧಾಯುಷ್ಯ 30 ವರ್ಷ. ತೆಂಗಿನ ಮರ ಅದನ್ನು ಪೊಟ್ಯಾಸಿಯಂ ಅಂದುಕೊಂಡು ಹೀರಿ ಕಾಯಿಗೆ ತುಂಬುತ್ತದೆ. ಬೂದಿ ಬಿದ್ದವರೂ ಬೀಳದವರೂ ಅದೇ ತೆಂಗಿನಕಾಯಿ ತಿಂದರು, ಎಳನೀರು ಕುಡಿದರು. ಹೋಲಿಕೆಗೆ ಅಂತ ಇಟ್ಟುಕೊಂಡವರ ಮೈಯಲ್ಲೂ ಸೀಸಿಯಂ ಏರಿತು. 1985ರಲ್ಲಿ ಇಡೀ ಊರು ಎದ್ದು, ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಹಡಗು ಹತ್ತಿ ಹೊರಟಾಗ ಎರಡೂ ಗುಂಪಿನವರು ಒಟ್ಟಿಗೇ ಹೋದರು.