ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಯಾವ ಆಲ್ಬಮ್, ಯಾವ ಸಂಗೀತ ಕಚೇರಿಯ ವಿಡಿಯೊ ಕೊಳ್ಳಬೇಕು?

ಪ್ರಶ್ನೆ: ಭಾವಗೀತೆ, ಯಕ್ಷಗಾನ ಎರಡೂ ನನಗೆ ಇಷ್ಟ. ಕೇಳಿದವರೆಲ್ಲ ಒಂದೊಂದು ಆಲ್ಬಮ್, ಒಂದೊಂದು ವಿಡಿಯೊ ಹೆಸರು ಹೇಳುತ್ತಾರೆ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ. ಮೊಬೈಲಿನಲ್ಲಿ ಬಿಟ್ಟಿಯಾಗಿ ಎಲ್ಲ ಸಿಗುವಾಗ ದುಡ್ಡು ಕೊಟ್ಟು ಕೊಳ್ಳುವಂಥದ್ದು ನಿಜಕ್ಕೂ ಏನಿದೆ? ಮನೆಯಲ್ಲಿ ತಂದೆಯವರ ಕಾಲದ ಕ್ಯಾಸೆಟ್ಟುಗಳೂ ಇವೆ. ಅವನ್ನು ಏನು ಮಾಡಲಿ?
– ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ಕೊಳ್ಳುವಂಥದ್ದು ಖಂಡಿತ ಇದೆ, ಆದರೆ ಅಂಗಡಿಯವರು ಹೇಳುವಷ್ಟು ಇಲ್ಲ. ನಾನು ಪಾಲಿಸುವ ನಿಯಮ ಒಂದೇ. ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಕೇಳಿದರೆ ಮಾತ್ರ ಸ್ವಾರಸ್ಯ ಬಿಟ್ಟುಕೊಡುವಂಥದ್ದಕ್ಕೆ ದುಡ್ಡು ಹಾಕಬೇಕು. ಒಂದು ಹಾಡಿಗಾಗಿ ಆಲ್ಬಮ್ ಕೊಳ್ಳುವ ಕಾಲ ಮುಗಿಯಿತು. ಆ ಒಂದು ಹಾಡು ನಿಮ್ಮ ಮೊಬೈಲಿನಲ್ಲೇ ಇದೆ, ಅಲ್ಲೇ ಕೇಳಿ.

ಭಾವಗೀತೆಯಿಂದಲೇ ಶುರು ಮಾಡೋಣ. 1978ರಲ್ಲಿ ಬಂದ ‘ನಿತ್ಯೋತ್ಸವ’ವನ್ನು ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಗುರುತಿಸುತ್ತಾರೆ. ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ನಿಸಾರ್ ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ಜೋಗ, ತುಂಗೆ, ಸಹ್ಯಾದ್ರಿಯ ಕಾಡು ಅವರ ಕವಿತೆಯೊಳಗೆ ಬಂದದ್ದು ದೂರದಿಂದ ನೋಡಿದ ಚಿತ್ರವಾಗಿ ಅಲ್ಲ. ಶೀರ್ಷಿಕೆ ಗೀತೆಯನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಎಲ್ಲರೂ ಕೇಳಿದ್ದಾರೆ. ಆದರೆ ಒಬ್ಬ ಕವಿಯ ಹಲವು ಮನಃಸ್ಥಿತಿಗಳನ್ನು ಒಬ್ಬನೇ ಸಂಯೋಜಕ ಹೇಗೆ ಓದಿಕೊಂಡ, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟ ಎಂಬುದು ಗೊತ್ತಾಗುವುದು ಎಲ್ಲವನ್ನೂ ಸಾಲಾಗಿ ಕೇಳಿದಾಗ. ಮೊಬೈಲಿನ ಆ್ಯಪ್ ಎರಡನೆಯ ಹಾಡು ಮುಗಿಯುವ ಮೊದಲೇ ತನಗೆ ತೋಚಿದ್ದನ್ನು ಮುಂದಕ್ಕೆ ಜೋಡಿಸಿಟ್ಟಿರುತ್ತದೆ. ಸಿ. ಅಶ್ವಥ್ ಅವರು ಕೆ. ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ಯ ಕವಿತೆಗಳಿಗೆ ಮಾಡಿದ ಸಂಯೋಜನೆಗಳಿಗೂ ಶಿಶುನಾಳ ಶರೀಫರ ಪದಗಳಿಗೂ ಇದೇ ಮಾತು. ಇವು ಮೂರನ್ನು ನಾನು ಯಾರಿಗಾದರೂ ಹಿಂಜರಿಯದೆ ಹೇಳುತ್ತೇನೆ.

ಆದರೆ ಇಲ್ಲೇ ಒಂದು ಎಚ್ಚರಿಕೆ ಬೇಕು. ಇಂಥ ಪ್ರಸಿದ್ಧ ಗೀತೆಗಳನ್ನು ಬೇರೆ ಗಾಯಕರಿಂದ ಮತ್ತೆ ಹಾಡಿಸಿ, ಕೀಬೋರ್ಡು ತುಂಬಿಸಿ, ಅದೇ ಕವಿಯ ಚಿತ್ರವನ್ನು ಮುಖಪುಟದಲ್ಲಿ ಹಾಕಿ ಮಾರುವುದು ಬಹಳ ಕಾಲದಿಂದ ನಡೆದಿದೆ. ಮೂಲ ಧ್ವನಿಮುದ್ರಣ ಬೇಕಾದರೆ ಪ್ರತಿ ಹಾಡಿನ ಎದುರಿಗೆ ಹಾಡಿದವರ ಹೆಸರು ಇದೆಯೇ ನೋಡಿ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ವೃತ್ತದೊಳಗೆ ‘ಪಿ’ ಎಂಬ ಇಂಗ್ಲಿಷ್ ಅಕ್ಷರವೂ ಅದರ ಪಕ್ಕದಲ್ಲಿ ಒಂದು ವರ್ಷವೂ ಇರುತ್ತದೆ. ಆ ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷ ಅದು. ವೃತ್ತದೊಳಗಿನ ‘ಸಿ’ ಮುಖಪುಟದ ವಿನ್ಯಾಸ, ಬರಹಗಳ ಹಕ್ಕಿಗೆ ಸಂಬಂಧಿಸಿದ್ದು, ಅದನ್ನು ನೋಡಿ ಮೋಸ ಹೋಗಬೇಡಿ. ‘ಐವತ್ತು ಸುಮಧುರ ಭಾವಗೀತೆಗಳು’ ಎಂಬ ಬಗೆಯ ಎಂಪಿ3 ತಟ್ಟೆಗಳನ್ನು ಮುಟ್ಟಲೇಬೇಡಿ. ಸೆಕೆಂಡಿಗೆ 128 ಕಿಲೋಬಿಟ್ ದರದ ಎಂಪಿ3ಯಲ್ಲಿ ಉಳಿಯುವ ಮಾಹಿತಿ ಸಾಮಾನ್ಯ ಆಡಿಯೊ ಸಿಡಿಯ ಹನ್ನೊಂದನೆಯ ಒಂದು ಪಾಲು ಮಾತ್ರ. ತಂಬೂರಿಯ ಝೇಂಕಾರ, ತಬಲಾದ ಹೊಡೆತದ ಮೊನಚು ಮೊದಲು ಸೊರಗುತ್ತವೆ.

ಇನ್ನು ಅಭಿಮಾನಿಗಳ ಹೊಗಳಿಕೆ, ತೆಗಳಿಕೆಯ ವಿಷಯ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುವುದಕ್ಕೆ ಕಾರಣವಿದೆ, ಅದು ಕೇವಲ ಹಟವಲ್ಲ. ಸುಗಮ ಸಂಗೀತದ ರಸಿಕರಲ್ಲಿ ಅನಂತಸ್ವಾಮಿಯವರ ಕಡೆಯವರು ಬೇರೆ, ಅಶ್ವಥ್ ಅವರ ಕಡೆಯವರು ಬೇರೆ. ಮೊದಲಿನವರಿಗೆ ಕವಿತೆಯ ಮಾತು ಸ್ಪಷ್ಟವಾಗಿ ಕೇಳಬೇಕು, ವಾದ್ಯ ಹಿಂದೆ ಸರಿದು ನಿಲ್ಲಬೇಕು. ಎರಡನೆಯವರಿಗೆ ಹಾಡು ಎದ್ದು ಬರಬೇಕು, ತಾರಸ್ಥಾಯಿಗೆ ಏರಬೇಕು, ಬೇಕಾದರೆ ದೊಡ್ಡ ವೃಂದವೂ ಇರಲಿ. ಈ ಭೇದ ಎಷ್ಟು ಆಳವಾದುದೆಂದರೆ ನಾಡಗೀತೆಯವರೆಗೂ ಹೋಯಿತು. ನಿಮ್ಮ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಬರೆದ ಗೀತೆಗೆ ಇಬ್ಬರೂ ರಾಗ ಹಾಕಿದ್ದರು. ಯಾವ ಧಾಟಿ ಅಧಿಕೃತ ಎಂಬ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ರಾಜ್ಯ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ನಿಗದಿ ಮಾಡಿತು. ಆದೇಶ ಬಂದ ಮೇಲೂ ಅಶ್ವಥ್ ಅವರ ಅಭಿಮಾನಿಗಳು ಒಪ್ಪಲಿಲ್ಲ. ಆದ್ದರಿಂದ ಯಾರಾದರೂ ಆಲ್ಬಮ್ಮಿನ ಹೆಸರು ಹೇಳಿದರೆ, ಅವರು ಯಾವ ಕಡೆಯವರು ಎಂದು ಮೊದಲು ತಿಳಿದುಕೊಳ್ಳಿ. ನಿಮ್ಮ ಕಿವಿಯೂ ಅದೇ ಕಡೆಯದಾದರೆ ಅವರ ಸಲಹೆ ನೂರಕ್ಕೆ ನೂರು ಫಲಿಸುತ್ತದೆ.

ಇನ್ನೊಂದು ಗುರುತೂ ಇದೆ. ‘ಅದ್ಭುತ, ಕೇಳಲೇಬೇಕು’ ಎಂದಷ್ಟೇ ಹೇಳುವವರು ಗಾಯಕರನ್ನು ಪ್ರೀತಿಸುತ್ತಾರೆ, ಆ ಆಲ್ಬಮ್ ಕೇಳಿದ್ದಾರೋ ಇಲ್ಲವೋ ಹೇಳಲಾಗದು. ‘ಮೂರನೆಯ ಹಾಡಿನ ಎರಡನೇ ಚರಣದ ಮೊದಲು ಕೊಳಲು ಬರುತ್ತದಲ್ಲ, ಅಲ್ಲಿ ಗಮನಿಸಿ’ ಎಂದು ಹೇಳುವವರ ಮಾತಿಗೆ ನಾನು ದುಡ್ಡು ಬಿಚ್ಚುತ್ತೇನೆ. ‘ಈ ಗಾಯಕರ ಯಾವ ಆಲ್ಬಮ್ ಕೊಳ್ಳಬಾರದು?’ ಎಂದೂ ಕೇಳಿ ನೋಡಿ. ಅದಕ್ಕೆ ಉತ್ತರ ಕೊಡಬಲ್ಲವರೇ ನಿಜವಾದ ಅಭಿಮಾನಿಗಳು.

ಶಿವಮೊಗ್ಗದವರನ್ನು ಕೇಳಿದರೆ ಅವರು ಮೊದಲು ಹೇಳುವ ಹೆಸರು ಶಿವಮೊಗ್ಗ ಸುಬ್ಬಣ್ಣ ಅವರದು, ಅದು ಸಹಜ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ವಕೀಲಿಕೆ ಮಾಡುತ್ತ ಹಾಡಿದವರು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. ಅವರ ಚಲನಚಿತ್ರ ಗೀತೆಯನ್ನು ಎಲ್ಲರೂ ಬಲ್ಲರು. ಅದನ್ನು ಬಿಟ್ಟು ಕುವೆಂಪು ಮತ್ತು ಶರೀಫರ ರಚನೆಗಳಿರುವ ಅವರ ಧ್ವನಿಮುದ್ರಣಗಳನ್ನು ಹುಡುಕಿ. ತುಂಬಿದ ಕಂಠ ಒಂದೊಂದು ಅಕ್ಷರಕ್ಕೂ ತೂಕ ಕೊಡುವ ಬಗೆ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಸುಬ್ಬಣ್ಣನವರು 2022ರ ಆಗಸ್ಟಿನಲ್ಲಿ ತೀರಿಕೊಂಡರು.

ಕಚೇರಿಯ ವಿಡಿಯೊಗಳ ವಿಷಯದಲ್ಲಿ ನಾನು ಹೆಚ್ಚು ನಿಷ್ಠುರ. ನೋಡುವುದರಿಂದ ಕೇಳುವುದಕ್ಕೆ ಏನಾದರೂ ಸೇರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಭಾವಗೀತೆಯ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಕ್ಯಾಮೆರಾ ಗಾಯಕರ ಮುಖ, ಮುಂದಿನ ಸಾಲಿನ ಗಣ್ಯರ ಮುಖ, ಮತ್ತೆ ಗಾಯಕರ ಮುಖ ಎಂದು ಸುತ್ತುತ್ತಿರುತ್ತದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರು ನಡೆಸಿದ ‘ಕನ್ನಡವೇ ಸತ್ಯ’ದಂಥದ್ದು ಬೇರೆ ಮಾತು. ಅಷ್ಟು ಜನ ಕವಿತೆ ಕೇಳಲು ಬಂದು ನಿಂತದ್ದನ್ನು ಕಣ್ಣಾರೆ ನೋಡಬೇಕು. ಆದರೆ ಆ ಕವಿತೆಗಳನ್ನೇ ಸವಿಯಬೇಕಾದರೆ ಸ್ಟುಡಿಯೊ ಮುದ್ರಣಕ್ಕೇ ಮರಳಬೇಕು, ಇದನ್ನು ಅಶ್ವಥ್ ಅವರ ಕಟ್ಟಾ ಅಭಿಮಾನಿಗಳೂ ಒಪ್ಪುತ್ತಾರೆ.

ಕರ್ನಾಟಕ ಸಂಗೀತ ಕಚೇರಿಯಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಗಾಯಕರು ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿಯನ್ನು ಪಿಟೀಲಿನವರು ಹಿಡಿಯುವ ಕ್ಷಣ, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದಲ್ಲಿ ಮೃದಂಗದ ಎಡಗೈ ಮಾಡುವ ಕೆಲಸ, ತಾಳ ಹಾಕುವ ಕೈ. ಇವು ಕಾಣುವುದಾದರೆ ಕೊಳ್ಳಿ. ತನಿ ಕತ್ತರಿಸಿದ ಕಚೇರಿಯನ್ನು ಕೊಳ್ಳಬೇಡಿ. ಎರಡು ಗಂಟೆಗೂ ಮೀರಿದ ಕಚೇರಿಯನ್ನು 80 ನಿಮಿಷದ ಒಂದೇ ಸಿಡಿಗೆ ಇಳಿಸಿದ್ದರೆ ಕತ್ತರಿ ಎಲ್ಲೋ ಆಡಿದೆ ಎಂದೇ ಅರ್ಥ, ಮತ್ತು ಅದು ಬಹುತೇಕ ಆಡುವುದು ತನಿಯ ಮೇಲೆ ಅಥವಾ ಆಲಾಪನೆಯ ಮೇಲೆ. ಸ್ಥಳ, ದಿನಾಂಕ, ರಾಗ, ತಾಳ, ಕೃತಿ ರಚಿಸಿದ ವಾಗ್ಗೇಯಕಾರರ ಹೆಸರು ಇರಬೇಕು. ಪಕ್ಕವಾದ್ಯದವರ ಹೆಸರನ್ನು ಮುದ್ರಿಸದ ಪ್ರಕಾಶಕರಿಗೆ ನನ್ನ ಒಂದು ರೂಪಾಯಿಯೂ ಹೋಗುವುದಿಲ್ಲ.

ಯಕ್ಷಗಾನಕ್ಕೆ ಬರೋಣ. ನಿಮ್ಮ ಕಡೆಯಲ್ಲಿ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಮೇಳಗಳ ಆಟ ನೋಡಿಯೇ ಬೆಳೆದಿರುತ್ತೀರಿ, ಹೆಚ್ಚು ವಿವರಿಸಬೇಕಿಲ್ಲ. ಆಟದ ವಿಡಿಯೊ ಕೊಳ್ಳುವ ಮೊದಲು ಐದು ನಿಮಿಷ ಹಾಕಿಸಿ ನೋಡಿ. ಪ್ರವೇಶದ ಕುಣಿತದ ಹೊತ್ತಿಗೆ ಕ್ಯಾಮೆರಾ ವೇಷದ ಮುಖಕ್ಕೆ ಅಂಟಿಕೊಂಡಿದ್ದು ಹೆಜ್ಜೆಯೇ ಕಾಣದಿದ್ದರೆ ವಾಪಸು ಕೊಡಿ. ಚಂಡೆಯ ಪೆಟ್ಟಿಗೆ ಧ್ವನಿ ಒಡೆದು ಹಾಡುವ ಭಾಗವತರ ಪದ ಮುಳುಗಿದ್ದರೂ ಅಷ್ಟೇ. ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಪ್ರದರ್ಶನವಾದರೆ ಇಡೀ ಪ್ರಸಂಗ ಸಿಗುತ್ತದೆ, ಇಡೀ ರಾತ್ರಿಯ ಆಟದಿಂದ ಆರಿಸಿದ ‘ಆಯ್ದ ಭಾಗಗಳು’ ಬೇಡ. ಒಂದು ವಿನಾಯಿತಿ ಭಾಗವತ ಕಾಳಿಂಗ ನಾವಡರದು. 1990ರ ಮೇ ತಿಂಗಳಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ತುಂಬಿರಲಿಲ್ಲ. ನಮಗೆ ಉಳಿದಿರುವುದು ಮುಖ್ಯವಾಗಿ ಕ್ಯಾಸೆಟ್ ಕಾಲದ ಮುದ್ರಣ. ಅಲ್ಲಿ ಗುಂಯ್‌ಗುಡುವ ಸದ್ದಿರಬಹುದು, ಪದ ಅರ್ಧಕ್ಕೆ ನಿಲ್ಲಬಹುದು. ಆ ಕಂಠಕ್ಕಾಗಿ ಅದನ್ನೆಲ್ಲ ಸಹಿಸಬೇಕು. ತಾಳಮದ್ದಳೆಗಂತೂ ವಿಡಿಯೊ ಬೇಡವೇ ಬೇಡ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಪದ ಮತ್ತು ಮಾತು. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕೂ ಇಲ್ಲದ ಸಂಜೆಗೆ ಮೂರು ಗಂಟೆಯ ಒಂದು ಒಳ್ಳೆಯ ತಾಳಮದ್ದಳೆ ಆಡಿಯೊ ಮೊಬೈಲಿನಲ್ಲಿ ಇಳಿಸಿಟ್ಟುಕೊಂಡಿದ್ದರೆ ಬೇರೇನೂ ಬೇಕಾಗುವುದಿಲ್ಲ.

ನೀವು ಕೇಳದೆ ಇದ್ದರೂ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಯ, ಮಾತು ಹೇಳಲೇಬೇಕು. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದ ಮತ್ತೂರು–ಹೊಸಹಳ್ಳಿ ಅವಳಿ ಊರುಗಳಿವೆ. ಮತ್ತೂರಿನ ಜನ ಆಡುವ ಸಂಸ್ಕೃತವನ್ನು ಕೇಳಲು ದೇಶವೇ ಬರುತ್ತದೆ, ಹೊಸಹಳ್ಳಿಯ ಗಮಕ ಕೇಳಲು ಅಷ್ಟು ಜನ ಬರುವುದಿಲ್ಲ. ಅಲ್ಲಿನ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಅವರು ವಾಚಿಸಿದ ಮುದ್ರಣ ಎಲ್ಲಿ ಸಿಕ್ಕರೂ ಬಿಡಬೇಡಿ. ಗಮಕದಲ್ಲಿ ರಾಗ ಪದ್ಯದ ಅರ್ಥವನ್ನು ಹಿಂಬಾಲಿಸುತ್ತದೆ, ತಾಳದ ಬಿಗಿ ಇರುವುದಿಲ್ಲ. ಒಂದು ಪದ್ಯವನ್ನು ಮಾತ್ರ ಕತ್ತರಿಸಿ ಕೇಳಿದರೆ ಅದು ಅರೆಬರೆ ಹಾಡಿನಂತೆ ತೋರುತ್ತದೆ. ವಾಚನವೂ ವ್ಯಾಖ್ಯಾನವೂ ಸೇರಿದ ಇಡೀ ಸಂಧಿ, ಅಂದರೆ ಕಾವ್ಯದ ಒಂದು ಅಧ್ಯಾಯ, ಬೇಕು. ಇಂಥವನ್ನು ದೊಡ್ಡ ಕಂಪನಿಗಳು ಹೆಚ್ಚು ತರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ಬಾಗಿಲಲ್ಲಿ, ಕಲಾವಿದರ ಕಡೆಯವರು ಇಟ್ಟ ಮೇಜಿನ ಮೇಲೆ ಸಿಗುತ್ತವೆ. ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೋ ಹೆಗ್ಗೋಡಿನ ನೀನಾಸಂಗೋ ಹೋದಾಗ ಆ ಮೇಜನ್ನು ದಾಟಿ ಹೋಗಬೇಡಿ. ಅಲ್ಲಿ ಕೊಟ್ಟ ದುಡ್ಡು ಬಹುಪಾಲು ಹಾಡಿದವರ ಕೈಗೇ ಸೇರುತ್ತದೆ. ಮೊಬೈಲಿನಲ್ಲಿ ಬಿಟ್ಟಿ ಕೇಳಿದರೆ ಸೇರುವುದು ಪುಡಿಗಾಸು.

ಹಳೆಯ ವಿಸಿಡಿಗಳನ್ನು (ವಿಡಿಯೊ ಸಿಡಿ) ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಯೋಚಿಸಿ. ಅದರ ಚಿತ್ರದ ಅಳತೆ 352×288 ಚುಕ್ಕಿ, ಇಂದಿನ ಟಿವಿಯಲ್ಲಿ ಮಂಜು ಕವಿದಂತೆ ಕಾಣುತ್ತದೆ. ಡಿವಿಡಿ 720×576, ಪರವಾಗಿಲ್ಲ. ಬೇರೆಲ್ಲೂ ಸಿಗದ ಆಟವೋ ಕಚೇರಿಯೋ ಆಗಿದ್ದರೆ ಮಾತ್ರ ವಿಸಿಡಿಗೆ ಕೈ ಹಾಕಿ. ಈಗಿನ ಲ್ಯಾಪ್‌ಟಾಪ್, ಕಾರುಗಳಲ್ಲಿ ತಟ್ಟೆ ಹಾಕುವ ಜಾಗವೇ ಇರುವುದಿಲ್ಲ, ಯುಎಸ್‌ಬಿಗೆ ಜೋಡಿಸುವ ಹೊರಗಿನ ಡ್ರೈವ್ ಒಂದನ್ನು ಮೊದಲೇ ತಂದುಕೊಳ್ಳಿ.

ಇನ್ನು ನಿಮ್ಮ ತಂದೆಯವರ ಕ್ಯಾಸೆಟ್ಟುಗಳು. ದಯವಿಟ್ಟು ಎಸೆಯಬೇಡಿ, ಗುಜರಿಗೂ ಕೊಡಬೇಡಿ. ಹೊಸದು ಕೊಳ್ಳುವ ಮೊದಲು ಆ ಪೆಟ್ಟಿಗೆಯನ್ನೇ ತೆರೆದು ನೋಡಿ, ಮೇಲೆ ಹೇಳಿದ ಮೂಲ ಧ್ವನಿಮುದ್ರಣಗಳಲ್ಲಿ ಒಂದೆರಡು ಅಲ್ಲೇ ಇರಬಹುದು. ಮಲೆನಾಡಿನ ತೇವಕ್ಕೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಾಗೆಯೇ ಪ್ಲೇಯರಿಗೆ ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ. ಮಲೆನಾಡಿನ ಮನೆಗಳಲ್ಲಿ ಏನೇ ಇದ್ದರೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿಯಿದೆ. ಕ್ಯಾಸೆಟ್ಟಿಗೆ ಆ ಶಾಖವೂ ಹೊಗೆಯೂ ಒಳ್ಳೆಯದಲ್ಲ. ಒಣಗಿದ ಮೇಲೆ, ಕೆಟ್ಟರೂ ಚಿಂತೆಯಿಲ್ಲದ ಒಂದು ಹಳೆಯ ಪ್ಲೇಯರಿನಲ್ಲಿ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿಸಿ, ಅಂಟಿಕೊಂಡ ಪದರಗಳು ಬಿಡಿಸಿಕೊಳ್ಳುತ್ತವೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಪ್ರತಿ ಸಲ ಒರೆಸಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿದ್ದರೆ ಧ್ವನಿ ಮಸುಕಾಗುತ್ತದೆ, ಬೇರೊಂದು ಕ್ಯಾಸೆಟ್ಟಿನಿಂದ ಅದನ್ನು ತೆಗೆದು ಹಾಕಬಹುದು. 90 ನಿಮಿಷದ ಕ್ಯಾಸೆಟ್ಟಿನ ಟೇಪು 60 ನಿಮಿಷದ್ದಕ್ಕಿಂತ ತೆಳು, ಅದನ್ನು ಸುತ್ತಿಸುವಾಗ ಇನ್ನೂ ಜಾಗ್ರತೆ ಬೇಕು.

ಪ್ಲೇಯರಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ, ಬಿಟ್ಟಿಯಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ದಾಖಲಿಸಿಕೊಳ್ಳಿ. ಗಂಟೆಯ ಕ್ಯಾಸೆಟ್ಟಿಗೆ ಗಂಟೆಯೇ ಬೇಕು, ಬೇಗ ಮಾಡುವ ದಾರಿ ಇಲ್ಲ. ಎಂಪಿ3 ಮಾಡದೆ ಫ್ಲ್ಯಾಕ್ ರೂಪದಲ್ಲಿ ಇಡಿ, ಧ್ವನಿಯಲ್ಲಿ ಏನೂ ಕಳೆಯುವುದಿಲ್ಲ. ಕಂಪನಿಯ ಮುದ್ರಿತ ಕ್ಯಾಸೆಟ್ಟುಗಳು ಕಾಯಬಹುದು, ಅವುಗಳ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಬಾಲ್‌ಪೆನ್ನಿನಲ್ಲಿ ಊರು, ಪ್ರಸಂಗದ ಹೆಸರು ಬರೆದ ಕ್ಯಾಸೆಟ್ಟುಗಳನ್ನು ಮೊದಲು ತೆಗೆದುಕೊಳ್ಳಿ. ನಿಮ್ಮ ತಂದೆಯವರು ಯಾವುದೋ ಬಯಲಾಟದಲ್ಲಿ, ದೇವಸ್ಥಾನದ ತಾಳಮದ್ದಳೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಅವು, ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ. ಊರು, ವರ್ಷ, ಭಾಗವತರು, ಮಾತಾಡಿದ ಅರ್ಥಧಾರಿಗಳು ಯಾರೆಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣಗಾಲವೇ ಸರಿ. ಜೂನಿನ ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿಡಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದು ತಿಳಿದು ಬೇರೆ ಪೊಟ್ಟಣ ಹಾಕಿ.