ವೆಬ್‌ಸೈಟ್ ಮಾಡಿಕೊಟ್ಟವರು ಫೋನ್ ಎತ್ತದಿದ್ದರೆ ಡೊಮೈನ್ ಯಾರದು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಕೆಲವು ವರ್ಷಗಳ ಹಿಂದೆ ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟಿದ್ದ. ದುಡ್ಡು ಪೂರ್ತಿ ಕೊಟ್ಟಿದ್ದೇವೆ. ವರ್ಷಕ್ಕೊಮ್ಮೆ ಅವನೇ ನವೀಕರಣ ಮಾಡಿಸಿ ನಮ್ಮಿಂದ ಹಣ ಪಡೆಯುತ್ತಿದ್ದ. ಈಗ ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ಫೋನ್ ಎತ್ತುವುದೇ ಅಪರೂಪ. ವೆಬ್‌ಸೈಟನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ?

ಉತ್ತರ: ಅಪರೂಪಕ್ಕಾದರೂ ಫೋನ್ ಎತ್ತುತ್ತಾನಲ್ಲ, ಅದು ನಿಮ್ಮ ಪುಣ್ಯ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಸೈಟ್ ನಿಂತುಹೋದ ಮೇಲೆ ಕೇಳುತ್ತಾರೆ. ಹುಡುಗ ಪೂರ್ತಿ ಕೈಗೆ ಸಿಗದಂತಾಗುವ ಮೊದಲು ಕೆಲಸ ಮುಗಿಸಿಕೊಳ್ಳಿ.

ನೀವು ದುಡ್ಡು ಕೊಟ್ಟು ಮಾಡಿಸಿದ್ದರಲ್ಲಿ ಮೂರು ಭಾಗಗಳಿವೆ. ಡೊಮೈನ್, ಅಂದರೆ ಜನ ಬ್ರೌಸರಿನಲ್ಲಿ ಬರೆಯುವ ವಿಳಾಸ. ಹೋಸ್ಟಿಂಗ್, ಅಂದರೆ ಸೈಟಿನ ಕಡತಗಳು ಇರುವ ಬಾಡಿಗೆ ಜಾಗ. ಮೂರನೆಯದು ಆ ಕಡತಗಳೇ: ವಿನ್ಯಾಸ, ಕೋಡ್, ಫೋಟೊ, ಬರಹ. ಹೋಸ್ಟಿಂಗ್ ಹೋದರೆ ಬೇರೆ ಕಡೆ ತೆಗೆದುಕೊಳ್ಳಬಹುದು. ವಿನ್ಯಾಸ ಹೋದರೆ ಖರ್ಚಿಗೆ ಬಂತು ಎಂದುಕೊಂಡು ಇನ್ನೊಮ್ಮೆ ಮಾಡಿಸಬಹುದು. ಡೊಮೈನ್ ಹೋದರೆ ಮಾತ್ರ ರಸ್ತೆ ಬದಿಯ ಬೋರ್ಡಿನಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ, ಗೂಗಲ್ ಮ್ಯಾಪಿನಲ್ಲಿ, ಹಳೆಯ ಅತಿಥಿಗಳ ಮೊಬೈಲಿನಲ್ಲಿ ಇರುವ ವಿಳಾಸವೇ ಕೈತಪ್ಪುತ್ತದೆ. ಆದ್ದರಿಂದ ಮೊದಲು ಡೊಮೈನ್, ಉಳಿದದ್ದು ಆಮೇಲೆ.

ಡೊಮೈನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ರಿಜಿಸ್ಟ್ರಾರ್ ಎಂಬ ಮಾರಾಟ ಕಂಪನಿಯ ಮೂಲಕ ಒಂದರಿಂದ ಹತ್ತು ವರ್ಷದವರೆಗೆ ನೋಂದಾಯಿಸಿಕೊಳ್ಳುತ್ತೇವೆ, ಅವಧಿ ಮುಗಿಯುವ ಮುನ್ನ ನವೀಕರಿಸುತ್ತೇವೆ. ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡುವ ಹಾಗೆ ಇಲ್ಲಿ ‘ರಿಜಿಸ್ಟ್ರಂಟ್’ ಎಂಬ ಸಾಲಿನಲ್ಲಿ ಯಾರ ಹೆಸರಿದೆ ಎಂದು ನೋಡಬೇಕು. ಹಣ ಯಾರ ಜೇಬಿನಿಂದ ಹೋಯಿತು ಎಂಬುದನ್ನು ಆ ದಾಖಲೆ ಕೇಳುವುದಿಲ್ಲ. ಹುಡುಗ ತನ್ನ ಖಾತೆಯಲ್ಲಿ, ತನ್ನ ಹೆಸರು, ತನ್ನ ಇಮೇಲ್ ಹಾಕಿ ನೋಂದಾಯಿಸಿದ್ದರೆ ರಿಜಿಸ್ಟ್ರಾರ್ ಪಾಲಿಗೆ ಡೊಮೈನ್ ಅವನದೇ. ಇದರಲ್ಲಿ ಮೋಸದ ಉದ್ದೇಶ ಇರಬೇಕೆಂದೇನಿಲ್ಲ. ಹತ್ತು ಗಿರಾಕಿಗಳ ಡೊಮೈನ್‌ಗಳನ್ನು ಒಂದೇ ಖಾತೆಯಲ್ಲಿ ಇಟ್ಟುಕೊಂಡರೆ ನೋಡಿಕೊಳ್ಳುವುದು ಸುಲಭ, ಅಷ್ಟೇ. ಆದರೆ ಅವನ ಆ ಅನುಕೂಲ ಈಗ ನಿಮಗೆ ತಲೆನೋವಾಗಿದೆ.

ಈಗಲೇ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಯಾರ ಅನುಮತಿಯೂ ಬೇಡ. ನಿಮ್ಮ ವಿಳಾಸ ಡಾಟ್ ಕಾಮ್ ಆಗಿದ್ದರೆ ಜಗತ್ತಿನ ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ, ಡಾಟ್ ಇನ್ ಆಗಿದ್ದರೆ ಭಾರತದ ನಿಕ್ಸಿ ಸಂಸ್ಥೆ ನಡೆಸುವ ಡಾಟ್ ಇನ್ ರಿಜಿಸ್ಟ್ರಿಯ (ಆ ಹೆಸರುಗಳ ಮೂಲ ದಾಖಲೆ ಇಡುವ ಕಚೇರಿಯ) ಪುಟದಲ್ಲಿ ಅದನ್ನು ಹಾಕಿ ಹುಡುಕಿ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೆಸರು, ಫೋನ್, ಇಮೇಲ್‌ಗಳ ಜಾಗದಲ್ಲಿ ಸಾಮಾನ್ಯವಾಗಿ ‘ರಿಡ್ಯಾಕ್ಟೆಡ್’ ಎಂದಷ್ಟೇ ಕಾಣುತ್ತದೆ. ನಿರಾಶರಾಗಬೇಡಿ. ರಿಜಿಸ್ಟ್ರಾರ್ ಯಾರು ಎಂಬುದು, ಅವಧಿ ಮುಗಿಯುವ ದಿನಾಂಕ, ಕೆಲವೊಮ್ಮೆ ಸಂಸ್ಥೆಯ ಹೆಸರು ಮತ್ತು ರಾಜ್ಯ ಕಾಣುತ್ತವೆ. ರಿಜಿಸ್ಟ್ರಾರ್ ಹೆಸರು, ಮುಗಿಯುವ ದಿನಾಂಕ ಎರಡನ್ನೂ ಬರೆದಿಟ್ಟುಕೊಳ್ಳಿ. ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂಬ ಸಾಲು ಕಂಡರೆ ಗಾಬರಿ ಬೇಡ. ಯಾರೂ ಕದ್ದೊಯ್ಯದಂತೆ ಹಾಕಿರುವ ಬೀಗ ಅದು, ಬಹುತೇಕ ಎಲ್ಲ ಡೊಮೈನ್‌ಗಳಿಗೂ ಇರುತ್ತದೆ.

ಇನ್ನು ಹುಡುಗನ ಹತ್ತಿರ ಮಾತು. “ನಮ್ಮ ವೆಬ್‌ಸೈಟ್ ಕೊಡು” ಎಂದರೆ ಅವನಿಗೆ ಏನು ಮಾಡಬೇಕೆಂದು ಹೊಳೆಯುವುದಿಲ್ಲ, ದೊಡ್ಡ ಕೆಲಸವೆಂದು ಮುಂದೂಡುತ್ತಾನೆ. ಅದೇ ರಿಜಿಸ್ಟ್ರಾರ್ ಕಂಪನಿಯಲ್ಲಿ ನೀವೊಂದು ಉಚಿತ ಖಾತೆ ತೆರೆಯಿರಿ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಿರಿ: “ನೋಡಪ್ಪಾ, ಹೋಂಸ್ಟೇ ಡೊಮೈನನ್ನು ನಿನ್ನ ಖಾತೆಯಿಂದ ನನ್ನ ಖಾತೆಗೆ ವರ್ಗಾಯಿಸಿಕೊಡು. ನಾನೂ ಅದೇ ಕಂಪನಿಯಲ್ಲಿ ಖಾತೆ ಮಾಡಿದ್ದೇನೆ, ಅದರ ಇಮೇಲ್ ಇದು. ಹೋಸ್ಟಿಂಗ್ ಹಾಗೇ ಇರಲಿ, ಆಮೇಲೆ ಮಾತನಾಡೋಣ. ನಿನ್ನ ಸಮಯಕ್ಕೆ ಎಷ್ಟಾಗುತ್ತದೋ ಹೇಳು, ಕಳಿಸುತ್ತೇನೆ.” ಕೊನೆಯ ವಾಕ್ಯವನ್ನು ಬಿಡಬೇಡಿ. “ನಾನೇಕೆ ಮತ್ತೆ ದುಡ್ಡು ಕೊಡಬೇಕು” ಎಂಬ ನಿಮ್ಮ ಸಿಟ್ಟು ನ್ಯಾಯವೇ ಇರಬಹುದು. ಆದರೆ ಕೆಲಸ ಬಿಟ್ಟು ಹೋದವನಿಗೆ ಫೋನ್ ಎತ್ತಲು ಒಂದು ಕಾರಣ ಬೇಕಲ್ಲ.

ಒಂದೇ ಕಂಪನಿಯೊಳಗಿನ ಈ ವರ್ಗಾವಣೆಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಗುಪ್ತ ಸಂಕೇತ ಬೇಡ, ಅವನು ಮೊಬೈಲಿನಿಂದಲೇ ಮಾಡಿ ಮುಗಿಸಬಹುದು. ಡೊಮೈನ್ ನಿಮ್ಮ ಖಾತೆಗೆ ಬಂದ ಕೂಡಲೇ ರಿಜಿಸ್ಟ್ರಂಟ್ ವಿವರಗಳಲ್ಲಿ ನಿಮ್ಮ ಹೆಸರು, ಹೋಂಸ್ಟೇ ಹೆಸರು, ವಿಳಾಸ ತುಂಬಿಸಿ. ಬಹಳ ಜನ ಇಲ್ಲಿ ನಿಂತುಬಿಡುತ್ತಾರೆ: ಖಾತೆ ತಮ್ಮದಾಗಿರುತ್ತದೆ, ದಾಖಲೆಯಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ.

ಬೇರೆ ಕಂಪನಿಗೇ ಒಯ್ಯಬೇಕೆಂದರೆ ದಾರಿ ಸ್ವಲ್ಪ ಉದ್ದ. ಅವನು ಬೀಗ ತೆಗೆದು ‘ಆತ್ ಕೋಡ್’ ಎಂಬ ಸಂಕೇತ ಕೊಡಬೇಕು. ಡಾಟ್ ಕಾಮ್‌ನಂಥ ಡೊಮೈನ್‌ಗಳಿಗೆ ಅದನ್ನು ಕೇಳಿದ 5 ದಿನದೊಳಗೆ ರಿಜಿಸ್ಟ್ರಾರ್ ಒದಗಿಸಲೇಬೇಕೆಂದು ಐಕ್ಯಾನ್ ನಿಯಮವಿದೆ. ಆದರೆ ಕೇಳುವವರು ನೋಂದಾಯಿತ ವ್ಯಕ್ತಿಯಾಗಿರಬೇಕು, ನೀವಲ್ಲ. ಹೊಸದಾಗಿ ನೋಂದಾಯಿಸಿದ ಅಥವಾ ಇತ್ತೀಚೆಗಷ್ಟೇ ವರ್ಗಾವಣೆಯಾದ ಡೊಮೈನನ್ನು ಸಾಮಾನ್ಯವಾಗಿ 60 ದಿನ ಕದಲಿಸುವಂತಿಲ್ಲ. ಸಮಾಧಾನದ ಸಂಗತಿಯೆಂದರೆ ಡಾಟ್ ಕಾಮ್ ವರ್ಗಾವಣೆಗೆ ಕಟ್ಟುವ ಹಣದಲ್ಲಿ ಒಂದು ವರ್ಷದ ನವೀಕರಣವೂ ಸೇರಿರುತ್ತದೆ.

ಅವನು ಏನು ಮಾಡಿದರೂ ಸಿಗಲಿಲ್ಲ ಎನ್ನಿ. ಬಿಲ್, ಹಣ ಕಳಿಸಿದ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಹೋಂಸ್ಟೇ ಪರವಾನಗಿ ಎಲ್ಲವನ್ನೂ ಜೋಡಿಸಿಕೊಂಡು ರಿಜಿಸ್ಟ್ರಾರ್‌ಗೆ ಬರೆಯಿರಿ. ದಾಖಲೆಯಲ್ಲಿ ಸಂಸ್ಥೆಯ ಹೆಸರಿನ ಜಾಗದಲ್ಲಿ ನಿಮ್ಮ ಹೋಂಸ್ಟೇ ಹೆಸರಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಬರೀ ಅವನ ಹೆಸರಿದ್ದರೆ “ನೀವು ನೀವೇ ಬಗೆಹರಿಸಿಕೊಳ್ಳಿ” ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು.

“ಅವಧಿ ಮುಗಿಯಲಿ, ಆಮೇಲೆ ನಾವೇ ಹೊಸದಾಗಿ ತೆಗೆದುಕೊಳ್ಳುತ್ತೇವೆ” ಎಂದು ಕಾಯುವವರಿದ್ದಾರೆ. ಅದು ಜೂಜು. ಡಾಟ್ ಕಾಮ್ ಅವಧಿ ಮುಗಿದ ದಿನವೇ ಮಾರುಕಟ್ಟೆಗೆ ಬರುವುದಿಲ್ಲ. ರಿಜಿಸ್ಟ್ರಾರ್‌ಗೆ ತಕ್ಕಂತೆ 45 ದಿನದವರೆಗೆ ಹಳೆಯ ಮಾಲೀಕನಿಗೆ ನವೀಕರಣದ ಅವಕಾಶ, ಆಮೇಲೆ 30 ದಿನ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ, ಆಮೇಲೆ 5 ದಿನ ಯಾರಿಗೂ ಇಲ್ಲ, ನಂತರ ಎಲ್ಲರಿಗೂ ಮುಕ್ತ. ಒಳ್ಳೆಯ ಹೆಸರುಗಳನ್ನು ರಿಜಿಸ್ಟ್ರಾರ್‌ಗಳು ಈ ನಡುವೆಯೇ ಹರಾಜಿಗೆ ಇಡುವುದುಂಟು. ಮುಕ್ತವಾದ ಕ್ಷಣದಲ್ಲಿ ಕಬಳಿಸಲು ಗಣಕಗಳು ಕಾದಿರುತ್ತವೆ. ನಿಮ್ಮ ಬೆರಳಿಗೆ ಅಷ್ಟು ವೇಗವಿಲ್ಲ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಮತ್ತೆ ಒಂದು ವಾರ ಮೊದಲು ಎಚ್ಚರಿಕೆ ಕಳಿಸಬೇಕೆಂಬ ನಿಯಮವೇನೋ ಇದೆ. ಆದರೆ ಆ ಎಚ್ಚರಿಕೆ ಹೋಗುವುದು ಖಾತೆಯಲ್ಲಿರುವ ಇಮೇಲ್‌ಗೆ, ಅಂದರೆ ಆ ಹುಡುಗ ಈಗ ತೆರೆದೂ ನೋಡದ ಅಂಚೆಪೆಟ್ಟಿಗೆಗೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯನೊಂದಿಗೆ ಕಟ್ಟಿದ ಹಾಟ್‌ಮೇಲ್ ಎಂಬ ಇಮೇಲ್ ಸೇವೆಯನ್ನು ಮೈಕ್ರೋಸಾಫ್ಟ್ 1997ರಲ್ಲಿ ಕೊಂಡಿತು. ಎರಡು ವರ್ಷದ ಬಳಿಕ, 1999ರ ಕ್ರಿಸ್‌ಮಸ್ ಹೊತ್ತಿಗೆ, ಅದರ ಲಾಗಿನ್‌ಗೆ ಬೇಕಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಡೊಮೈನಿನ 35 ಡಾಲರ್ ಕಟ್ಟುವುದನ್ನೇ ಕಂಪನಿ ಮರೆತಿತ್ತು. ಜನರಿಗೆ ಮೇಲ್ ತೆರೆಯಲಾಗಲಿಲ್ಲ. ಕೊನೆಗೆ ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿನಿಂದ ಆ ಹಣ ಕಟ್ಟಿದ.

ಕೋರ್ಟಿಗೆ ಹೋಗಬಹುದೇ ಎಂದರೆ ಹೋಗಬಹುದು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಆ ವ್ಯಾಜ್ಯ ಹುಟ್ಟಿದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಡಾಟ್ ಇನ್ ಹೆಸರುಗಳಿಗೆ ನಿಕ್ಸಿಯ ಮಧ್ಯಸ್ಥಿಕೆ ವ್ಯವಸ್ಥೆಯೂ ಇದೆ. ಆದರೆ ಇವೆಲ್ಲಕ್ಕೂ ಆ ಹೆಸರು ನಿಮ್ಮದೆಂದು ಗುರುತಿಸಿಕೊಂಡಿದೆ ಎಂದು ತೋರಿಸಬೇಕು. ‘ಗ್ರೀನ್ ವ್ಯಾಲಿ’ಯಂಥ ಎಲ್ಲರೂ ಇಟ್ಟುಕೊಳ್ಳುವ ಹೆಸರಿನ ಮೇಲೆ ಹಕ್ಕು ಸಾಧಿಸುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ವಕೀಲರ ಬಳಿಗೆ ಹೋಗುವ ಮುನ್ನ ಆ ಹುಡುಗನ ಮನೆಯವರನ್ನು ಮಾತನಾಡಿಸಿ. ಹಳ್ಳಿಯ ಪರಿಚಯಕ್ಕೆ ಇನ್ನೂ ಅಷ್ಟು ಬೆಲೆ ಇದೆ.

ಕೋಡ್ ಮತ್ತು ವಿನ್ಯಾಸದ ವಿಷಯದಲ್ಲಿ ಕಾನೂನು ಬಹಳ ಜನ ಅಂದುಕೊಂಡಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಸಂಬಳದ ನೌಕರ ಬರೆದ ಕೋಡ್ ಮಾಲೀಕರದು. ಸ್ವತಂತ್ರವಾಗಿ ಕೆಲಸ ಮಾಡುವವನು ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವನದೇ. ಪೂರ್ತಿ ಹಣ ಕೊಟ್ಟಿದ್ದರೂ ಹೀಗೆಯೇ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು ಎನ್ನುತ್ತದೆ 19ನೇ ಕಲಂ. ಬರೆದುಕೊಂಡರೂ ಅವಧಿ ನಮೂದಿಸದಿದ್ದರೆ 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಫೋಟೊಗಳದು ಬೇರೆ ಕಥೆ: ನೀವು ಹಣ ಕೊಟ್ಟು ತೆಗೆಸಿದ ಕೋಣೆಯ, ಕಾಫಿ ತೋಟದ ಚಿತ್ರಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿಮ್ಮದು. ಹಾಗಾಗಿ ಹುಡುಗ ಸಿಕ್ಕಾಗ “ಸೈಟಿನ ಕೋಡ್, ವಿನ್ಯಾಸದ ಎಲ್ಲ ಹಕ್ಕನ್ನು ಶಾಶ್ವತವಾಗಿ, ಜಗತ್ತಿನಾದ್ಯಂತ ವರ್ಗಾಯಿಸಿದ್ದೇನೆ” ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಸೈಟಿನ ಕಡತಗಳು ಮತ್ತು ಡೇಟಾಬೇಸ್ ಎರಡರ ಬ್ಯಾಕಪ್ ಕೇಳಿ ಪಡೆಯಿರಿ. ವರ್ಡ್‌ಪ್ರೆಸ್ ಸೈಟಾದರೆ ಡೇಟಾಬೇಸ್ ಇಲ್ಲದ ಬ್ಯಾಕಪ್‌ನಲ್ಲಿ ನಿಮ್ಮ ಬರಹ ಒಂದಕ್ಷರವೂ ಇರುವುದಿಲ್ಲ.

ಡೊಮೈನ್ ಕೈಗೆ ಬಂದ ಮೇಲೆ ಎರಡು ಎಚ್ಚರಿಕೆಗಳು. ಒಂದು, ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೈನಿನ ಇಮೇಲ್ ಕೊಡಬೇಡಿ. ಬುಕಿಂಗ್‌ಗೆ ಬಳಸುವ ಇಮೇಲ್ ನಿಮ್ಮ ಡೊಮೈನ್ ಮೇಲೆಯೇ ನಿಂತಿದೆ. ಡೊಮೈನ್ ಅವಧಿ ಮುಗಿದರೆ ಆ ಇಮೇಲ್ ನಿಲ್ಲುತ್ತದೆ, ಇಮೇಲ್ ನಿಂತರೆ ಪಾಸ್‌ವರ್ಡ್ ಬದಲಿಸುವ ಸಂದೇಶ ಬರುವುದಿಲ್ಲ, ಪಾಸ್‌ವರ್ಡ್ ಇಲ್ಲದೆ ನವೀಕರಣ ಮಾಡಲಾಗದು. ಜಿಮೇಲ್‌ನಂಥ ಬೇರೆ ವಿಳಾಸ ಕೊಡಿ. ಒಟಿಪಿಗೆ ಮೂಲೆಯಲ್ಲಿ ಬಿದ್ದಿರುವ ರೀಚಾರ್ಜ್ ಇಲ್ಲದ ಸಿಮ್ ಬೇಡ, ದಿನವೂ ಬಳಸುವ ಸಂಖ್ಯೆ ಇರಲಿ.

ಎರಡು, ಹೋಸ್ಟಿಂಗ್ ಬದಲಿಸುವಾಗ ಹೊಸ ಕಂಪನಿಯವರು “ನೇಮ್‌ಸರ್ವರ್ ಬದಲಿಸಿ” ಎನ್ನುತ್ತಾರೆ. ಡೊಮೈನಿನ ಸೈಟ್, ಇಮೇಲ್ ಎಲ್ಲಿವೆ ಎಂಬ ವಿವರ (ಡಿಎನ್‌ಎಸ್ ಸಾಲುಗಳು) ಇಟ್ಟುಕೊಂಡಿರುವ ಗಣಕವೇ ನೇಮ್‌ಸರ್ವರ್. ಬದಲಿಸುವ ಮುನ್ನ ಹಳೆಯ ಡಿಎನ್‌ಎಸ್ ಪುಟದ ಎಲ್ಲ ಸಾಲುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ‘ಎ’ ಎಂಬ ಸಾಲು ಸೈಟ್ ಎಲ್ಲಿದೆ ಎಂದು ಹೇಳುತ್ತದೆ, ‘ಎಂಎಕ್ಸ್’ ಸಾಲು ಇಮೇಲ್ ಎಲ್ಲಿಗೆ ಹೋಗಬೇಕೆಂದು. ಹೊಸ ಜಾಗದಲ್ಲಿ ಎಂಎಕ್ಸ್ ಸಾಲು ತುಂಬದಿದ್ದರೆ ಸೈಟ್ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಬುಕಿಂಗ್ ಮೇಲ್ ಮಾತ್ರ ಬರುವುದಿಲ್ಲ. ವಾರಾಂತ್ಯ ಖಾಲಿ ಹೋದ ಮೇಲೆಯೇ ಗೊತ್ತಾಗುವುದು.

ಇದನ್ನು ಓದುತ್ತಿರುವ ಫ್ರೀಲಾನ್ಸರ್‌ಗಳಿಗೂ ಒಂದು ಮಾತು. ಗಿರಾಕಿಯ ಎದುರು ಕುಳಿತು, ಅವರ ಇಮೇಲ್, ಅವರ ಕಾರ್ಡಿನಿಂದಲೇ ಡೊಮೈನ್ ಖಾತೆ ಮಾಡಿಸಿ. ನಿಮಗೆ ಬೇಕಾದ ಪ್ರವೇಶವನ್ನು ಅವರಿಂದ ಪಡೆದುಕೊಳ್ಳಿ. ಬಾಕಿ ವಸೂಲಿಗೆ ಡೊಮೈನನ್ನು ಒತ್ತೆ ಇಟ್ಟುಕೊಳ್ಳುವವರಿದ್ದಾರೆ. ಗಿರಾಕಿ ಸತಾಯಿಸಿದ ಸಿಟ್ಟು ಅರ್ಥವಾಗುತ್ತದೆ, ಆದರೂ ಅದು ತಪ್ಪು. ಒಮ್ಮೆ ಹಾಗೆ ಮಾಡಿದ ಸುದ್ದಿ ಪೇಟೆಯಲ್ಲಿ ಹರಡಿದರೆ ಮುಂದಿನ ಕೆಲಸ ಬರುವುದಿಲ್ಲ. ಕೆಲಸ ಶುರುವಾಗುವಾಗ ಒಂದು ಕಂತು, ಪರೀಕ್ಷಾ ಸೈಟ್ ತೋರಿಸಿದಾಗ ಒಂದು, ನಿಜವಾದ ವಿಳಾಸಕ್ಕೆ ಏರಿಸುವ ಮುನ್ನ ಕೊನೆಯದು ಎಂದು ಮೊದಲೇ ಬರೆದುಕೊಂಡರೆ ಒತ್ತೆಯ ಅಗತ್ಯವೇ ಬೀಳುವುದಿಲ್ಲ. ಬಿಲ್ಲಿನಲ್ಲಿ ಡೊಮೈನ್, ಹೋಸ್ಟಿಂಗ್, ವಾರ್ಷಿಕ ನಿರ್ವಹಣೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ನವೀಕರಣದ ದಿನ ನೆನಪಿಸುವುದೂ ಕೆಲಸವೇ, ಅದಕ್ಕೂ ಹಣ ಕೇಳಿ. ಊರು ಬಿಡುವುದಾದರೆ ಹೊರಡುವ ಮುನ್ನ ಎಲ್ಲರ ಡೊಮೈನ್ ಅವರವರ ಖಾತೆಗೆ ದಾಟಿಸಿ, ಕೆಲಸ ಮುಂದುವರಿಸಬಲ್ಲ ಇನ್ನೊಬ್ಬರ ಫೋನ್ ಸಂಖ್ಯೆ ಕೊಟ್ಟು ಹೋಗಿ.